ಕಂಬಳಿಯ ತೂತು, ಕಡತದ ಗೀರು

ಮಳೆ ನಿಂತು ಬಿಸಿಲು ಬಿದ್ದ ಒಂದು ಭಾನುವಾರ ಚಿತ್ರದುರ್ಗದ ನಮ್ಮ ಮನೆಯ ಅಟ್ಟದಿಂದ ಅಜ್ಜನ ಟ್ರಂಕನ್ನು ಇಳಿಸಿ ತೆರೆದಾಗ, ಒಳಗಿದ್ದ ಲೆಕ್ಕದ ಪುಸ್ತಕಗಳಿಗೂ ಚಳ್ಳಕೆರೆಯ ಕರಿಕಂಬಳಿಗೂ ಹುಳು ಬಿದ್ದಿತ್ತು. ಮನೆಯವರು ಎಲ್ಲವೂ ನುಸಿಯ ಕೆಲಸವೆಂದು ಔಷಧ ಹೊಡೆಯಲು ಹೊರಟರು. ತಿಂದದ್ದು ಯಾವ ಹುಳುವೆಂದು ತಿಳಿಯದೆ ಔಷಧ ಹೊಡೆದರೆ ಹುಳು ಸಾಯದೆ ಕಾಗದಕ್ಕೆ ಕಲೆಯಾಗುವುದೇ ಹೆಚ್ಚು. ಆದ್ದರಿಂದ ಅವರನ್ನು ತಡೆದು, ಭೂತಗನ್ನಡಿ ಹಿಡಿದು ಕುಳಿತೆ.

ಪುಸ್ತಕಗಳ ಮೇಲೆ ಎರಡು ಬಗೆಯ ಗುರುತುಗಳಿದ್ದವು. ಕೆಲವು ಹಾಳೆಗಳ ಮೇಲ್ಮೈಯನ್ನು ಅಂಕುಡೊಂಕಾಗಿ ಕೆರೆದು ತೆಳುವಾಗಿಸಿತ್ತು, ಬೆನ್ನಿನ ಅಂಟನ್ನೂ ತಿಂದಿತ್ತು. ಇದು ಗಂಜಿ, ಅಂಟುಗಳನ್ನು ಇಷ್ಟಪಡುವ, ಬಾಲದಲ್ಲಿ ಮೂರು ಎಳೆಗಳಿರುವ ಬೆಳ್ಳಿಹುಳು. ಒಂದು ಪುಸ್ತಕದಲ್ಲಿ ಮಾತ್ರ ಗುಂಡುಸೂಜಿಯ ತಲೆಯಷ್ಟಿರುವ ದುಂಡು ತೂತುಗಳು ರಟ್ಟಿನಿಂದ ಹಾಳೆಗಳ ಆಳಕ್ಕೆ ಕೊರೆದು ಹೋಗಿದ್ದವು. ಅದು ದುಂಬಿಯ ಮರಿಹುಳುವಿನ ಕೆಲಸ. ಮಣ್ಣಿನ ಗೆರೆ ಎಲ್ಲಿಯೂ ಕಾಣದ್ದರಿಂದ ಗೆದ್ದಲಿನ ಭಯವಿರಲಿಲ್ಲ.

ಕಂಬಳಿ ಹೆಚ್ಚು ಹೊತ್ತು ಹಿಡಿಯಿತು. ಮಡಿಕೆಯನ್ನು ಬಿಡಿಸಿದಾಗ ತೂತುಗಳ ಸುತ್ತ ನವಿರಾದ ಬಿಳಿ ಬಲೆಯೂ, ಅದಕ್ಕೆ ಅಂಟಿಕೊಂಡ ಸಣ್ಣ ಹಿಕ್ಕೆಗಳೂ ಕಂಡವು. ತಿಂದ ಉಣ್ಣೆಯದೇ ಬಣ್ಣವಾದ್ದರಿಂದ ಅವು ಕಪ್ಪಗಿದ್ದು, ಮೊದಲ ನೋಟಕ್ಕೆ ಕಾಣುವುದಿಲ್ಲ. ಇದು ಬಟ್ಟೆಯ ಪತಂಗ. ಹೊಂಬಣ್ಣದ ಪತಂಗ ಏನನ್ನೂ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು ಮಾತ್ರ. ಹಾರುವ ಪತಂಗವನ್ನು ಹೊಡೆದು ಸಮಾಧಾನಪಡುವುದರಿಂದ ಪ್ರಯೋಜನ ಕಡಿಮೆ. ಕಂಬಳಿಯ ಇನ್ನೊಂದು ಅಂಚಿನಲ್ಲಿ ಬಲೆಯಿರಲಿಲ್ಲ, ಬದಲಿಗೆ ಕಂದುಬಣ್ಣದ, ರೋಮಭರಿತ ಒಣ ಪೊರೆಗಳಿದ್ದವು. ಅವು ಜಮಖಾನೆಯ ದುಂಬಿಯ ಮರಿಹುಳು ಕಳಚಿಟ್ಟವು. ಎರಡೂ ಹುಳುಗಳು ಉಣ್ಣೆ, ರೇಷ್ಮೆ, ಗರಿಗಳಲ್ಲಿರುವ ಪ್ರೋಟೀನನ್ನು ಅರಗಿಸಿಕೊಳ್ಳಬಲ್ಲವು. ಕಂಬಳಿಯ ಮಗ್ಗುಲಲ್ಲೇ ಇದ್ದ ಹತ್ತಿಯ ದುಪ್ಪಟಿಗೆ ಏನೂ ಆಗದಿದ್ದುದಕ್ಕೆ ಕಾರಣ ಇದೇ.

ಕಂಬಳಿಯನ್ನು ಕೊಡವಿ, ಮಡಿಕೆಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಹರವಿದೆವು. ಪುಸ್ತಕಗಳನ್ನು ಮಾತ್ರ ಬಿಸಿಲಿಗಿಡದೆ ನೆರಳಿನಲ್ಲಿ ಗಾಳಿಗೆ ತೆರೆದಿಟ್ಟೆ, ಏಕೆಂದರೆ ಬಿಸಿಲಿನಲ್ಲಿ ಹಳೆಯ ಕಾಗದ ಹಳದಿಯಾಗಿ ಪೆಡಸಾಗುತ್ತದೆ. ನುಸಿಗುಳಿಗೆಯನ್ನು ಮಕ್ಕಳಿರುವ ಮನೆಯಲ್ಲಿ ನಾನು ಒಪ್ಪುವುದಿಲ್ಲ.

ಆದರೆ ಹುಳು ಬಂದದ್ದೆಲ್ಲಿಂದ? ಪತಂಗವೂ ಈ ದುಂಬಿಯೂ ಹಕ್ಕಿಗೂಡುಗಳಲ್ಲಿ ಬೆಳೆಯುತ್ತವೆ ಎಂಬುದು ನೆನಪಾಗಿ ಅಟ್ಟ ಹತ್ತಿ ನೋಡಿದೆ. ಗವಾಕ್ಷಿಯಲ್ಲಿ ಪಾರಿವಾಳ ಬಿಟ್ಟುಹೋದ ಗೂಡಿತ್ತು, ಅದರ ಗರಿಗಳ ನಡುವೆ ಅದೇ ಕಂದು ಪೊರೆಗಳಿದ್ದವು. ಗೂಡನ್ನು ತೆಗೆದುಹಾಕಿ, ಟ್ರಂಕನ್ನು ಮತ್ತೆ ಅಟ್ಟಕ್ಕೇರಿಸುವ ಮೊದಲು ಗವಾಕ್ಷಿಗೆ ಜಾಲರಿ ಹಾಕಿಸಿದೆವು.