ತೋಳವೇ ಇಲ್ಲದ ಕಾಡಲ್ಲಿ ತೋಳಮನುಷ್ಯ: ನಾಲ್ಕನೇ ವರದಿ

ಏಳು ನಿಮಿಷದ ಸಿನಿಮಾ. ಶುರು ಮಾಡಿ ಹನ್ನೊಂದು ತಿಂಗಳಾಯಿತು. ಎಡಿಟ್ ಆಗಿ ಕೂತಿರುವುದು 3 ನಿಮಿಷ 40 ಸೆಕೆಂಡ್. ಹೋದ ಸಲ ಬರೆದಾಗ 2 ನಿಮಿಷ 10 ಸೆಕೆಂಡ್ ಇತ್ತು. ಹಾಗಾಗಿ ಮುಂದೆ ಹೋಗಿದ್ದೇವೆ ಅಂತಲೇ ಲೆಕ್ಕ.

ಹೊಸಬರಿಗೆ ಎರಡು ಮಾತು. ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ನಾನು, ತಮ್ಮ, ಅಕ್ಕ, ಭಾವ ಸೇರಿಕೊಂಡು ವ್ಯಾಂಪೈರ್‌ಗಳಿಗೂ ತೋಳಮನುಷ್ಯರಿಗೂ ಜಗಳ ಹಚ್ಚುತ್ತಿದ್ದೇವೆ. ಹುಚ್ಚು ಹಿಡಿಸಿದ್ದು 2003ರ 'ಅಂಡರ್‌ವರ್ಲ್ಡ್'. ಬುಡಾಪೆಸ್ಟ್‌ನಲ್ಲಿ ತೆಗೆದ ಸಿನಿಮಾ. ನೀಲಿ ಬೆಳಕು, ಸುರಿಯುವ ಮಳೆ, ಉದ್ದ ಕಪ್ಪು ಕೋಟು ಹಾಕಿಕೊಂಡು ಎರಡು ಕೈಯಲ್ಲೂ ಪಿಸ್ತೂಲು ಹಿಡಿದ ಕೇಟ್ ಬೆಕಿನ್‌ಸೇಲ್. ಕಥೆ ಬಗ್ಗೆ ಜನ ಏನು ಬೇಕಾದರೂ ಹೇಳಲಿ, ನೋಡುವುದಕ್ಕೆ ಅಷ್ಟು ಸೊಗಸಾದ ಮಳೆ ನಾನು ಇನ್ನೊಂದು ಕಡೆ ನೋಡಿಲ್ಲ. ಆಗ ತಲೆಗೆ ಬಂದಿದ್ದು ಒಂದೇ. ಈ ಮಳೆ, ಈ ಕತ್ತಲೆ ನಮ್ಮೂರಲ್ಲಿ ಬಿಟ್ಟಿ ಸಿಗುತ್ತದಲ್ಲ! ಮಗ್ಗುಲ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಜುಲೈಯಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಿಸಿಲು ಬಿದ್ದರೆ ಸುಟ್ಟು ಹೋಗುವ ಜಾತಿಗೆ ಇದಕ್ಕಿಂತ ಒಳ್ಳೆ ಊರು ಯಾವುದಿದೆ? ಅದೇ ಊರಿಗೆ ಜನ ಸೂರ್ಯಾಸ್ತ ನೋಡಲು ಬರುತ್ತಾರೆ, ಅದು ಬೇರೆ ಮಾತು.

ಬಿಟ್ಟಿ ಮಳೆಯ ತೊಂದರೆ ಏನೆಂದರೆ ಅದು ಕ್ಯಾಮೆರಾಗೆ ಕಾಣುವುದಿಲ್ಲ. ಮೊದಲ ಎರಡು ರಾತ್ರಿ ತೆಗೆದಿದ್ದರಲ್ಲಿ ನಾವು ನಾಲ್ಕು ಜನ ಸುಮ್ನೆ ಒದ್ದೆಯಾಗಿ ನಿಂತಿದ್ದೇವೆ, ಅಷ್ಟೇ. ಹನಿಯ ಹಿಂದಿನಿಂದ ಬೆಳಕು ಬಂದರೆ ಮಾತ್ರ ಮಳೆ ಮಳೆಯಾಗಿ ಕಾಣುತ್ತದೆ. ಈಗ ಭಾವ ಎಲ್‌ಇಡಿ ದೀಪವನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿಕೊಂಡು ಅಡಿಕೆ ಮರದ ಹಿಂದೆ ಅವಿತುಕೊಳ್ಳುತ್ತಾರೆ. ಬಣ್ಣ ಸುಲಭವಾಯಿತು. ಸಂಜೆ ಬೆಳಕಲ್ಲೇ ವೈಟ್ ಬ್ಯಾಲೆನ್ಸ್ 3200ಕ್ಕೆ ಇಟ್ಟರೆ ಎಲ್ಲ ನೀಲಿ. ನಿಜವಾದ ಶತ್ರು ಹಸಿರು. ಮಲೆನಾಡಿನ ಜುಲೈ ಹಸಿರು ಎಷ್ಟು ನೀಲಿ ಬಳಿದರೂ ಇಣುಕುತ್ತದೆ. ವ್ಯಾಂಪೈರ್ ಹಿಂದೆ ಕೆಸುವಿನ ಎಲೆ ಹೊಳೆಯುತ್ತಿದ್ದರೆ ಭಯ ಆಗುವುದಿಲ್ಲ, ಪತ್ರೊಡೆ ನೆನಪಾಗುತ್ತದೆ. ಹಸಿರನ್ನು ಬೇರೆ ಮಾಡಿ ಮುಕ್ಕಾಲು ಭಾಗ ಇಳಿಸಿದ ಮೇಲೆ ಒಂದು ಹದಕ್ಕೆ ಬಂತು.

ಕೋಟಿನ ವಿಷಯ ಹಿಂದೆಯೇ ಬರೆದಿದ್ದೆ. ಆನ್‌ಲೈನಲ್ಲಿ ತರಿಸಿದ ಕಪ್ಪು ರೆಕ್ಸಿನ್ ಕೋಟು ಎರಡನೇ ದಿನ ಬೂಸ್ಟು ಹಿಡಿಯಿತು. ಈಗ ಅಕ್ಕ ಹಾಕಿಕೊಳ್ಳುವುದು ಅಜ್ಜನ ಕರಿ ಕಂಬಳಿಕೊಪ್ಪೆ. ತಲೆಯಿಂದ ಮೊಣಕಾಲವರೆಗೆ ಒಂದೇ ಕಪ್ಪು ಗೆರೆ, ಮುಖ ಮಾತ್ರ ಬೆಳ್ಳಗೆ. ಹಿಂದಿನಿಂದ ದೀಪ ಹಾಕಿದಾಗ ಉಣ್ಣೆಯ ತುದಿಯಲ್ಲಿ ನಿಂತ ಹನಿಗಳು ಮಿನುಗುತ್ತವೆ. ರೆಕ್ಸಿನ್‌ಗೆ ಆ ಯೋಗ್ಯತೆ ಇಲ್ಲ.

ಅಕ್ಕನ ಒಂದೇ ಷರತ್ತು, ಉಂಬಳ (ಕಾಡಿನ ಜಿಗಣೆ) ಹತ್ತಬಾರದು. ಸುಣ್ಣ, ಹೊಗೆಸೊಪ್ಪು, ಉಪ್ಪಿನ ಪೊಟ್ಟಣ ಎಲ್ಲ ಆಯಿತು. ಆದರೂ ಆರನೇ ಟೇಕ್‌ನಲ್ಲಿ ಒಂದು ಅವಳ ಹಿಮ್ಮಡಿಗೆ ಕೂತಿತ್ತು. ವ್ಯಾಂಪೈರ್ ರಕ್ತವನ್ನೇ ಕುಡಿದ ಉಂಬಳ! ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ. ಹಾಗಾಗಿ ಕಿತ್ತು ಎಸೆದ ಮೇಲೂ ಸುಮಾರು ಹೊತ್ತು ಸೋರುತ್ತಲೇ ಇತ್ತು. ಆ ಶಾಟ್ ಇಟ್ಟುಕೊಂಡಿದ್ದೇವೆ. ಸಿನಿಮಾದಲ್ಲಿ ಅಸಲಿ ರಕ್ತ ಇರುವುದು ಅದೊಂದೇ ಕಡೆ. ಉಳಿದದ್ದೆಲ್ಲ ಹೋದ ವರ್ಷ ಅಡಿಕೆ ಬೇಯಿಸಿ ಉಳಿದ ಚೊಗರಿಗೆ ಜೋನಿಬೆಲ್ಲ ಕಲಸಿದ್ದು. ಬಣ್ಣ, ದಪ್ಪ, ಹೊಳಪು ಮೂರೂ ಸರಿಯಾಗಿವೆ. ಇರುವೆ ಮುತ್ತುತ್ತದೆ, ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ. ಇಷ್ಟು ಬಿಟ್ಟರೆ ಇನ್ನೇನೂ ದೂರಿಲ್ಲ.

ಈಗ ತೋಳದ ಕಥೆ. ಈ ಸಲದ ಕೆಲಸವೆಲ್ಲ ಅದರದ್ದೇ.

ಮೊದಲ ವೇಷ ಹಳೇ ಸ್ವೆಟರ್ ಮೇಲೆ ತೆಂಗಿನ ನಾರು ಹೊಲಿದದ್ದು. ಒಣಗಿದಾಗ ಪರವಾಗಿಲ್ಲ ಅನ್ನುವಂತಿತ್ತು. ಮಳೆ ಬಿದ್ದ ಮೇಲೆ ತೂಕ ಹಾಕಿದೆವು, 11 ಕೆಜಿ. ನೋಡಲು ಎದ್ದು ನಿಂತ ಕಾಲೊರಸು. ಬೇಜಾರಾಗಿ ಮತ್ತೆ ಮೂಲ ಸಿನಿಮಾ ಹಾಕಿ ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಪ್ಯಾಟ್ರಿಕ್ ಟಟೊಪೌಲೋಸ್ ಮಾಡಿದ ಆ ಪ್ರಾಣಿಗಳಿಗೆ ಕೂದಲೇ ಕಡಿಮೆ! ಕಪ್ಪು ಚರ್ಮ, ಹುರಿಗಟ್ಟಿದ ಸ್ನಾಯು, ಮೇಲೆ ನೀರಿನ ಹೊಳಪು. ಎಷ್ಟೋ ಶಾಟ್‌ಗಳಲ್ಲಿ ಒಳಗೆ ನಿಜವಾಗಿ ಮನುಷ್ಯ ಇದ್ದಾನೆ, ಕಂಪ್ಯೂಟರ್ ಅಲ್ಲ. ಅಂದರೆ ನಮಗೆ ಬೇಕಾಗಿದ್ದು ತುಪ್ಪಳ ಅಲ್ಲ, ತೊಗಲು.

ತೊಗಲಿಗೆ ರಬ್ಬರ್ ಬೇಕು. ಪಕ್ಕದ ಮನೆಯವರ ರಬ್ಬರ್ ತೋಟದಲ್ಲಿ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿ ಮಳೆಗಾಲದಲ್ಲೂ ಹಾಲು ತೆಗೆಯುತ್ತಾರೆ. ಒಂದು ಕ್ಯಾನ್ ಕೇಳಿ ತಂದೆ. ಬೆಳಗ್ಗೆ ನೋಡಿದರೆ ಕ್ಯಾನಿನ ಆಕಾರದಲ್ಲೇ ಹೆಪ್ಪುಗಟ್ಟಿ ಕೂತಿದೆ. ಹೊರಗೆ ಬರಲಿಲ್ಲ, ಕ್ಯಾನನ್ನೇ ಸೀಳಬೇಕಾಯಿತು. ಹಾಲು ಇಳಿಸಿದ ಕೂಡಲೇ ಅಮೋನಿಯ ಬೆರೆಸಬೇಕು, ಆಗ ಮಾತ್ರ ಅದು ಹಾಲಾಗಿ ಉಳಿಯುತ್ತದೆ ಅನ್ನುವುದು ರಬ್ಬರ್ ತೋಟದ ಮಕ್ಕಳಿಗೂ ಗೊತ್ತು. ಅಡಿಕೆಯವರಿಗೆ ಗೊತ್ತಿಲ್ಲ. ಎರಡನೇ ಕ್ಯಾನ್ ಉಳಿಯಿತು. ಮಣ್ಣಿನ ಅಚ್ಚಿನ ಮೇಲೆ ಬ್ರಷ್‌ನಲ್ಲಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಹೀಗೆ ಒಂಬತ್ತು ಪದರ. ಬೇಸಿಗೆಯಲ್ಲಾದರೆ ಎರಡು ದಿನದ ಕೆಲಸ. ಈ ಥಂಡಿಯಲ್ಲಿ ಒಂದು ಪದರಕ್ಕೇ ಒಂದೂವರೆ ದಿನ, ಅದೂ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ. ವಾಸನೆಗೆ ಅಮ್ಮ ಅಟ್ಟದ ಕಡೆ ಹೋಗುವುದನ್ನೇ ಬಿಟ್ಟರು.

ಮೂತಿಗೆ ಒಳಗಿಂದ ಗಟ್ಟಿ ಬೇಕಿತ್ತು. ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೆನೆಸಿ, ಮರದ ತುಂಡಿನ ಮೇಲೆ ಬಗ್ಗಿಸಿ ಬಿಗಿದು ಒಣಗಿಸಿದೆವು. ಹಗುರ, ಬಗ್ಗುವುದಿಲ್ಲ, ಒಳಗೆ ಉಸಿರೂ ಆಡುತ್ತದೆ. ಇದೊಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ.

ಜಂಬ ಇಳಿಸಿದ್ದು ದೊಡ್ಡಪ್ಪ. ಮುಖವಾಡ ನೋಡಿ, ಬಾಯಲ್ಲಿದ್ದ ಕವಳ ಒಂದು ದವಡೆಗೆ ಒತ್ತಿ, "ಇದೆಂಥದಾ, ನರಿಯಾ?" ಅಂದರು. ತೋಳ ಅಂದೆ. "ನಮ್ಮ ಕಾಡಲ್ಲಿ ತೋಳ ಎಲ್ಲುಂಟು?" ಅಂದು ಹೊರಟೇ ಹೋದರು.

ಮಾತು ನಿಜ. ತೋಳ ಬಯಲುಸೀಮೆಯ ಪ್ರಾಣಿ. ಕುರುಚಲು ಕಾಡು, ಕುರಿ ಹಿಂಡು ಇರುವ ಕಡೆ ಅದು. ಅದಕ್ಕೆ ಅಂತ ವನ್ಯಧಾಮ ಮಾಡಿರುವುದೂ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ. ನಮ್ಮ ಕಡೆ ಗುಂಪು ಕಟ್ಟಿಕೊಂಡು ಬೇಟೆಯಾಡುವುದು ಸೀಳುನಾಯಿ. ಭದ್ರಾ ಕಾಡಲ್ಲಿ ಇವೆ. ಕೆಂಪು ಮೈ, ಕಪ್ಪು ಪೊದೆ ಬಾಲ. ಅದು ತೋಳದ ಹಾಗೆ ಊಳಿಡುವುದಿಲ್ಲ. ಸಿಳ್ಳೆ ಹಾಕುತ್ತದೆ. ದಟ್ಟ ಕಾಡಲ್ಲಿ ಚದುರಿ ಹೋದ ಗುಂಪು ಮತ್ತೆ ಸೇರುವುದು ಆ ಸಿಳ್ಳೆಯ ಮೇಲೆ.

ಎರಡು ದಿನ ಇದೇ ತಲೆಯಲ್ಲಿ ಸುತ್ತಿತು. ಊಳಿಡುವ ದೃಶ್ಯ ಎಲ್ಲ ತೋಳದ ಸಿನಿಮಾದಲ್ಲೂ ಇದೆ. ನೋಡುವವನು ಮೊದಲೇ ಕಾದು ಕೂತಿರುತ್ತಾನೆ. ಅದೇ, ತೋಟದಲ್ಲಿ ಒಬ್ಬಳೇ ನಿಂತ ವ್ಯಾಂಪೈರ್‌ಗೆ ಎಡಗಡೆಯಿಂದ ಒಂದು ಸಣ್ಣ ಸಿಳ್ಳೆ ಕೇಳಿದರೆ? ಯಾರೋ ಅಡಿಕೆ ಕೊಯ್ಯುವ ಕೊನೆಗಾರ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಬಲಗಡೆಯಿಂದ ಇನ್ನೊಂದು. ಆಮೇಲೆ ಹಿಂದಿನಿಂದ.

ಹಾಗಾಗಿ ಕೊನೆಯ ಎರಡು ಪದರದ ರಬ್ಬರಿಗೆ ಕೆಮ್ಮಣ್ಣು ಕಲಸಿದೆವು. ತೋಳಮನುಷ್ಯ ಈಗ ಸೀಳುನಾಯಿ ಮನುಷ್ಯ. ಹೆಸರು ಬಾಯಿಗೆ ಚೆನ್ನಾಗಿ ಕೂರುವುದಿಲ್ಲ, ಗೊತ್ತು. ಸಿಳ್ಳೆಯನ್ನು ತಮ್ಮ ವಾಟೆ ಬಿದಿರಿನ ತುಂಡಲ್ಲಿ ಊದಿದ. ರೆಕಾರ್ಡಿಂಗ್‌ಗೆ ಮೂರು ರಾತ್ರಿ ಹೋಯಿತು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅಂತಾರಲ್ಲ, ಅದು ಗಾದೆ ಅಲ್ಲ, ಸೌಂಡ್ ರೆಕಾರ್ಡಿಸ್ಟ್ ಗೋಳು. ಹನಿ ನಿಂತರೆ ಕಪ್ಪೆ ಶುರು. ಕೊನೆಗೆ ನಸುಕಿನ ನಾಲ್ಕು ಗಂಟೆಗೆ ಹತ್ತು ನಿಮಿಷ ಎಲ್ಲ ಸುಮ್ಮನಾಯಿತು, ಆಗ ಸಿಕ್ಕಿತು.

ಕಥೆಯಲ್ಲೂ ಒಂದು ಬದಲಾವಣೆ. ಮೂಲ ಸಿನಿಮಾದಲ್ಲಿ ತೋಳಗಳು ವ್ಯಾಂಪೈರ್ ಮೇಲೆ ಹೊಡೆಯುವುದು ಅಲ್ಟ್ರಾವಯಲೆಟ್ ಬೆಳಕು ತುಂಬಿದ ಗುಂಡು. ಅದನ್ನು ನೋಡಿ ವ್ಯಾಂಪೈರ್‌ಗಳು ಸಿಲ್ವರ್ ನೈಟ್ರೇಟ್ ದ್ರವ ತುಂಬಿದ ಗುಂಡು ಮಾಡುತ್ತಾರೆ. ಬೆಳ್ಳಿ ಗುಂಡಾದರೆ ತೋಳ ಕಿತ್ತು ಬಿಸಾಕಬಹುದು, ದ್ರವ ನೇರ ರಕ್ತಕ್ಕೆ ಸೇರುತ್ತದೆ. ಮೊದಲನೆಯದು ನಮಗೆ ಸುಲಭವಾಯಿತು. ಗಾಜಿನ ಕೊಳವೆಗೆ ಟಾನಿಕ್ ವಾಟರ್ ತುಂಬಿ, ನೋಟು ಪರೀಕ್ಷೆ ಮಾಡುವ ಟಾರ್ಚ್ ಹಿಡಿದರೆ ನೀಲಿಯಾಗಿ ಉರಿಯುತ್ತದೆ. ಅದರಲ್ಲಿರುವ ಕ್ವಿನೈನ್ ಮಾಡುವ ಕೆಲಸ ಅದು. ಮಲೇರಿಯಾ ಕಾಲ ಕಂಡ ಮಲೆನಾಡಿನ ಹಿರಿಯರಿಗೆ ಕ್ವಿನೈನ್ ಹೆಸರು ಹೇಳಿದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಸಿಲ್ವರ್ ನೈಟ್ರೇಟ್ ಬಗ್ಗೆ ಓದುತ್ತಾ ಕೂತಾಗ ಹೊಳೆಯಿತು. ಮತ ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯಲ್ಲಿ ಇರುವುದು ಅದೇ ಅಲ್ವಾ! 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅದು ಹೋಗುತ್ತಿರುವುದು ನಮ್ಮ ಮೈಸೂರಿನಿಂದ. ಅಂದರೆ ನಮ್ಮ ರಾಜ್ಯದಲ್ಲಿ ತೋಳಮನುಷ್ಯ ಮತ ಹಾಕಲಾರ. ಊರಲ್ಲಿ ಯಾರ ಬೆರಳಿಗೆ ಶಾಯಿ ಇಲ್ಲವೋ ಅವನೇ. ಕಥೆಯ ಗಂಟು ಅಲ್ಲೇ ಬಿಚ್ಚಿಕೊಂಡಿತು. ಪಿಸ್ತೂಲು ಎಲ್ಲ ತೆಗೆದು ಹಾಕಿದೆ, ಒಂದು ಶಾಯಿ ಬಾಟಲಿ ಉಳಿಸಿಕೊಂಡೆ.

ಆ ಶಾಯಿ ಅಂಗಡಿಯಲ್ಲಿ ಸಿಗುವುದಿಲ್ಲ. ಭಾವ ಕರಿಗೇರು ಹಚ್ಚೋಣ ಅಂದರು, ಹಿಂದೆ ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ ಅಂತ. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ ಎಂದು ಅಮ್ಮ ಬೈದರು. ಮಾರ್ಕರ್ ಪೆನ್ನಲ್ಲೇ ಮುಗಿಸುತ್ತೇವೆ.

ಇನ್ನೊಂದು ಐಡಿಯಾ ಬಿಟ್ಟೆ. ಮೂಲದಲ್ಲಿ ಇದೆಲ್ಲ ಶುರುವಾಗುವುದು ಒಂದು ವೈರಸ್‌ನಿಂದ. ನಮ್ಮದರಲ್ಲಿ ಉಣುಗು ಕಚ್ಚಿ ಅಂಟುತ್ತದೆ ಅಂತ ಬರೆದಿದ್ದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಹಾಗೇ ಅಲ್ವಾ. ಆದರೆ ಅದರಿಂದ ಮನೆಯವರನ್ನು ಕಳೆದುಕೊಂಡವರು ನಮ್ಮ ಸುತ್ತಲೇ ಇದ್ದಾರೆ. ಆ ಹಾಳೆ ಹರಿದು ಹಾಕಿದೆ.

ಉಳಿದಿರುವುದು ಮತಗಟ್ಟೆ ದೃಶ್ಯ. ಅಡಿಕೆ ಗೋದಾಮಲ್ಲಿ ಒಂದು ಮೇಜು, ರಟ್ಟಿನ ಮರೆ ಇಟ್ಟು ತೆಗೆಯುವುದು ಅಂತ ಮಾತಾಗಿದೆ. ದೊಡ್ಡಪ್ಪ ಮತಗಟ್ಟೆ ಅಧಿಕಾರಿ ಆಗಲು ಒಪ್ಪಿದ್ದಾರೆ, ಕವಳ ಉಗುಳುವುದಿಲ್ಲ ಅನ್ನುವ ಷರತ್ತಿನ ಮೇಲೆ. ನಿನ್ನೆ ಅಟ್ಟ ಹತ್ತಿ ನೋಡಿದರೆ ಇಲಿ ಮುಖವಾಡದ ಎಡಗಿವಿ ತಿಂದಿದೆ. ರಬ್ಬರ್ ಹಾಲು ಇನ್ನು ಅರ್ಧ ಲೀಟರ್ ಇದೆ. ಕಿವಿಗೆ ನಾಲ್ಕು ಪದರ ಸಾಕು, ಆರು ದಿನ.