ಸುದ್ದಿಯಾಗುವ ವೈರಸ್, ಆಗದ ವೈರಸ್

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಿಗೆ ಉಸಿರಾಟದ ಸೋಂಕು ತರುವ ಎಚ್‌ಎಂಪಿವಿ ಅಂತ ಸುದ್ದಿ ಬಂದದ್ದೇ ತಡ, ಅವತ್ತೇ ಸೆನ್ಸೆಕ್ಸ್ 1,200 ಅಂಶಕ್ಕಿಂತ ಹೆಚ್ಚು ಬಿತ್ತು (ಬೇರೆ ಕಾರಣಗಳೂ ಇದ್ದವು ಬಿಡಿ). ಫ್ಯಾಮಿಲಿ ಗ್ರೂಪಿನಲ್ಲಿ 2020ರ ಕಷಾಯಗಳೆಲ್ಲ ಎದ್ದು ಬಂದವು. ಚಿಕ್ಕಪ್ಪ ‘ಮತ್ತೆ ಲಾಕ್‌ಡೌನ್ ಅಂತೆ, ಅಕ್ಕಿ ತಂದಿಟ್ಕಳಿ’ ಅಂದ್ರು. ಅವರ ಮಗ ‘ಎಲ್ಲಾ ಮಾಸ್ಕ್ ಕಂಪನಿಯವರ ಆಟ’ ಅಂದ. ಒಬ್ಬರಿಗೆ ಪ್ರಳಯ, ಇನ್ನೊಬ್ಬರಿಗೆ ನಾಟಕ. ವಿಜ್ಞಾನಿಗಳು 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ ಹಳೇ ವೈರಸ್ ಇದು, ಬಹುತೇಕರಿಗೆ ನೆಗಡಿ-ಕೆಮ್ಮಿನಷ್ಟೇ. ಎಳೆಮಕ್ಕಳು, ವಯಸ್ಸಾದವರು ಹುಷಾರಾಗಿರಬೇಕು, ಅಷ್ಟೆ.

ನನಗೆ ಕಾಡಿದ್ದು ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ಮಂಗನ ಕಾಯಿಲೆ, ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿಯನ್ನು ಕೊಲ್ಲುತ್ತದೆ. ವೈರಸ್ ಇರುವ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿದರೆ ಸಾಕು. ದರಗು, ಸೌದೆ ತರಲು ಕಾಡಿಗೆ ಹೋಗುವವರಿಗೇ ಹೆಚ್ಚು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಹಳೇ ಲಸಿಕೆ ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿದರು, ಹೊಸದಕ್ಕೆ ಇನ್ನೂ ಕಾಯುತ್ತಿದ್ದಾರೆ. ಯಾವ ಶೇರೂ ಬೀಳಲಿಲ್ಲ. ರೋಗ ಗಂಭೀರವೋ ಅಲ್ಲವೋ ಅನ್ನುವುದನ್ನು ಅದು ಬೆಂಗಳೂರು ಮುಟ್ಟಿತೋ ಇಲ್ಲವೋ ಅಂತ ನೋಡಿ ನಿರ್ಧರಿಸುತ್ತೇವೇನೋ.

ಊರವರೂ ಕಮ್ಮಿಯಿಲ್ಲ. ಕಾಡಿಗೆ ಹೊರಟ ಅತ್ತೆಗೆ ‘ಉಣುಗು ಹತ್ತದಂಗೆ ಡೆಪಾ ಎಣ್ಣೆ ಹಚ್ಕಳಿ’ ಅಂದ್ರೆ ‘ಅಯ್ಯೋ, ಮೈಯೆಲ್ಲ ಅಂಟಂಟು’ ಅಂತಾರೆ. ಎಚ್‌ಎಂಪಿವಿ ಸುದ್ದಿ ಬಂದ ವಾರ ಫೋನ್ ಮಾಡಿ, ಪೇಟೆಯಿಂದ ಬರುವಾಗ ಒಂದು ಡಬ್ಬ ಮಾಸ್ಕ್ ತರೋಕೆ ಹೇಳಿದ್ರು.