ಚರ್ಚ್ ಸ್ಟ್ರೀಟಲ್ಲಿ ಒಂದು ಸಂಜೆ

ಎಂ.ಜಿ. ರೋಡ್ ಮೆಟ್ರೋ ಇಳಿದು ಚರ್ಚ್ ಸ್ಟ್ರೀಟಲ್ಲಿ ನಡೀತಿದ್ದೆ. ಮುಂದೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು, ಕಲ್ಲುಹಾಸಿನ ಮೇಲೆ ಕೋಲೂರುತ್ತಾ ಆರಾಮಾಗಿ ಹೋಗ್ತಿದ್ರು. ಹಿಂದಿನಿಂದ ಹಾರ್ನ್ ಬಂದದ್ದೇ ತಡ, ಇಬ್ಬರೂ ಬೆಚ್ಚಿಬಿದ್ದು ಪಕ್ಕಕ್ಕೆ ಸರಿದ್ರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಇಲ್ಲಿ ಗಾಡಿಗಳನ್ನೇ ಬಿಡ್ತಿರಲಿಲ್ಲ. ಬೀದಿ ತುಂಬಾ ಜನ! ಅದು ನಿಂತುಹೋದ ಬೇಸರ ನನಗಿನ್ನೂ ಹೋಗಿಲ್ಲ.

ಈಗ ಮೆಟ್ರೋ ಸಾಲಲ್ಲಿ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಒಟ್ಟು ಮಹಡಿ ಜಾಗ ಕಟ್ಟಬಹುದು ಅನ್ನೋ ಮಿತಿ) ಹೆಚ್ಚಿಸಿ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಡೋ ಮಾತು. ಕೊಡಲಿ, ನನ್ನ ತಕರಾರಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಅನ್ನೋದು ಚಿಕ್ಕಪೇಟೆಯವರಿಗೆ ಹೊಸದೇನಲ್ಲವಲ್ಲ. ಆದರೆ ಮಹಡಿ ಏರಿಸೋ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಕೆಳಗಿನ ಫುಟ್‌ಪಾತ್ ಎಷ್ಟು ಅಗಲ ಅನ್ನೋದನ್ನೂ ತೀರ್ಮಾನಿಸಲಿ. ಪಾರ್ಕಿಂಗ್ ಲೆಕ್ಕ ಆಮೇಲೆ.